ಕಾಡುಕುರಿಗೆ 6, ಹಾವುನಾಲಗೆ ಜರಿಗೆ 1260: ಕ್ರೋಮೋಸೋಮ್ ಲೆಕ್ಕದ ಬಗ್ಗೆ ಚರ್ಚೆ

ಪಾಠದಕಟ್ಟೆ:
ಪಿಯುಸಿ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಆಗಬೇಕು. ಎಡಗಡೆ ಒಂದು ಚಿಕ್ಕ ಜರೀಗಿಡ, ಬಲಗಡೆ ಒಂದು ಚಿಕ್ಕ ಜಿಂಕೆ. ಗೇಣುದ್ದದ ಗಿಡದ ಪ್ರತಿ ಕೋಶದಲ್ಲೂ ಸಾವಿರಕ್ಕಿಂತ ಹೆಚ್ಚು ಕ್ರೋಮೋಸೋಮ್ (ಡಿಎನ್‌ಎಯ ಕಟ್ಟುಗಳು), ಓಡಾಡುವ ಪ್ರಾಣಿಯಲ್ಲಿ ಬರೀ ಆರು. ಬರೆಯುವ ಮೊದಲು ಕೆಲವು ಗೊಂದಲ ಬಗೆಹರಿಯಬೇಕು. ಜರಿಗೆ ಕೆಲವು ಕಡೆ 1260 ಅಂತಿದೆ, ಕೆಲವು ಕಡೆ 1440, ಯಾವುದು ಹಾಕಬೇಕು? ಜಿಂಕೆಗೆ 6 ಅಂತಲೂ ಇದೆ, 7 ಅಂತಲೂ ಇದೆ. ಆ ಜಿಂಕೆ ನಮ್ಮ ಬರ್ಕವೇ? ಇದನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ತೋರಿಸಲು ದಾರಿ ಇದೆಯೇ?

ಕಾಡುದಾರಿ:
ಬರ್ಕ ಅಲ್ಲ ಮೇಡಂ. ಈ ತಪ್ಪು ಬಹಳ ಕಡೆ ಆಗುತ್ತದೆ. ತುಳುವಿನಲ್ಲಿ ಬರಿಂಕ ಅನ್ನುವ ಆ ಪ್ರಾಣಿ ಮೂರು ನಾಲ್ಕು ಕಿಲೋ ತೂಗುತ್ತದೆ, ಕೊಂಬಿಲ್ಲ, ಮೈಮೇಲೆ ಬಿಳಿ ಚುಕ್ಕಿ ಮತ್ತು ಪಟ್ಟೆ. ಅದು ಜಿಂಕೆಯ ಕುಟುಂಬಕ್ಕೇ ಸೇರಿದ್ದಲ್ಲ. ನಿಮ್ಮ ಫಲಕದ ಪ್ರಾಣಿ ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಅದು ನಿಜವಾದ ಜಿಂಕೆ, ಮುಂಟಿಯಾಕಸ್ ಕುಲದ್ದು, ಇಂಗ್ಲಿಷಿನಲ್ಲಿ ಮುಂಟ್‌ಜಾಕ್. ಭುಜದ ಹತ್ತಿರ ಎತ್ತರ 50ರಿಂದ 75 ಸೆಂಟಿಮೀಟರ್, ತೂಕ ಇಪ್ಪತ್ತು ಕಿಲೋ ದಾಟುತ್ತದೆ. ಗಂಡಿನ ಕೊಂಬು ಗಿಡ್ಡ, ಆದರೆ ಕೊಂಬು ಕೂತಿರುವ ಎಲುಬಿನ ಗೂಟ ಉದ್ದ. ಅದರ ಮೇಲೆ ಕೂದಲಿರುತ್ತದೆ, ಅದೇ ಎಲುಬು ಹಣೆಯ ಮೇಲೆ ಎರಡು ಏಣಾಗಿ ಇಳಿದು ಬರುತ್ತದೆ. ಮೇಲ್ದವಡೆಯಲ್ಲಿ ಕೋರೆಹಲ್ಲು. ಗಾಬರಿಯಾದರೆ ನಾಯಿ ಬೊಗಳಿದಂತೆ ಕೂಗುತ್ತದೆ. ಬಂಡೀಪುರ, ನಾಗರಹೊಳೆ, ಭದ್ರಾ, ಕುದುರೆಮುಖ, ಎಲ್ಲ ಕಡೆ ಇದೆ. ಚಿತ್ರ ಆರಿಸುವಾಗ ಹಣೆಯ ಆ ಏಣು ಕಾಣುವ ಚಿತ್ರವನ್ನೇ ಆರಿಸಿ, ಆಗ ಯಾರಿಗೂ ಅನುಮಾನ ಬರುವುದಿಲ್ಲ.

ಸ್ಲೈಡುಗಾಜು:
6 ಮತ್ತು 7 ಎರಡೂ ಸರಿ. ಹೆಣ್ಣಿಗೆ 6, ಗಂಡಿಗೆ 7. ಕಾರಣ ಹೀಗಿದೆ. ಹೆಣ್ಣು ಗಂಡು ನಿರ್ಧರಿಸುವ ಎಕ್ಸ್, ವೈಗಳಲ್ಲಿ ಇದರ ಎಕ್ಸ್ ಕ್ರೋಮೋಸೋಮ್ ಬಿಡಿಯಾಗಿ ಉಳಿದಿಲ್ಲ, ಮೂರನೇ ಕ್ರೋಮೋಸೋಮಿಗೆ ಅಂಟಿಕೊಂಡಿದೆ. ಹೆಣ್ಣಿನಲ್ಲಿ ಒಂದನೆಯದು ಎರಡು, ಎರಡನೆಯದು ಎರಡು, 'ಮೂರು ಮತ್ತು ಎಕ್ಸ್' ಕೂಡಿದ್ದು ಎರಡು, ಒಟ್ಟು ಆರು. ಗಂಡಿನಲ್ಲಿ ಕೂಡಿದ ತುಂಡು ಒಂದೇ. ಅದಕ್ಕೆ ಜೊತೆಯಾಗಿ ಎಕ್ಸ್ ಅಂಟದ ಬರೀ ಮೂರನೆಯದು ಒಂದು ಬೇಕು, ವೈ ಒಂದು ಬೇಕು. ಹಾಗಾಗಿ ಏಳು. ಈ ವೈ ಬಹಳ ಪುಟ್ಟದು, ಸ್ಲೈಡಿನಲ್ಲಿ ಉಳಿದ ಆರರ ಪಕ್ಕ ಚುಕ್ಕಿಯ ಹಾಗೆ ಕೂತಿರುತ್ತದೆ. ಕಸ ಅಂದುಕೊಂಡು ಬಿಟ್ಟರೆ ಗಂಡಿನದೂ 6 ಅಂತ ಲೆಕ್ಕ ತಪ್ಪುತ್ತದೆ.

ಈ ಬಗೆಯ ಏರ್ಪಾಡು ಕಾಡುಕುರಿಗೆ ಮಾತ್ರ ಸೀಮಿತವಲ್ಲ. ರಾಣೆಬೆನ್ನೂರಿನ ಕೃಷ್ಣಮೃಗದಲ್ಲೂ ಎಕ್ಸ್ ಬೇರೊಂದು ಕ್ರೋಮೋಸೋಮಿಗೆ ಅಂಟಿದೆ. ಅಲ್ಲಿ ಹೆಣ್ಣಿಗೆ 30, ಗಂಡಿಗೆ 31.

ಫಲಕದಲ್ಲಿ "ಸಸ್ತನಿಗಳಲ್ಲೇ ಅತಿ ಕಡಿಮೆ" ಅಂತ ಬರೆಯಿರಿ, "ಪ್ರಾಣಿಗಳಲ್ಲೇ" ಅಂತ ಬೇಡ. ಆಸ್ಟ್ರೇಲಿಯಾದ ಮಿರ್ಮೀಸಿಯಾ ಗುಂಪಿನ ಒಂದು ಇರುವೆಯಲ್ಲಿ ಕೆಲಸಗಾರ ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಒಂದು ಕ್ರೋಮೋಸೋಮ್ ಇರುವುದು 1986ರಲ್ಲೇ ವರದಿಯಾಗಿದೆ. ಕುದುರೆಯ ಕರುಳಿನ ಒಂದು ಜಂತುಹುಳದಲ್ಲೂ ಎರಡೇ.

ಜರಿಬನ:
ಜರಿಯ ಕಡೆಯಿಂದ ನಾನು ಹೇಳುತ್ತೇನೆ. ಗಿಡದ ಹೆಸರು ಒಫಿಯೋಗ್ಲಾಸಮ್ ರೆಟಿಕ್ಯುಲೇಟಮ್. ಗ್ರೀಕಿನಲ್ಲಿ ಹಾವಿನ ನಾಲಗೆ ಅಂತಲೇ ಅರ್ಥ, ಹಾಗಾಗಿ ಫಲಕಕ್ಕೆ ಹಾವುನಾಲಗೆ ಜರಿ ಅಂತ ಇಡಬಹುದು. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಹುಲ್ಲಿನ ನಡುವೆ ಮೇಲೆ ಬರುತ್ತದೆ. ನೋಡಿದವರು ಜರಿ ಅಂತ ನಂಬುವುದಿಲ್ಲ, ಏಕೆಂದರೆ ಬಾಚಣಿಗೆಯಂಥ ಗರಿಯೂ ಇಲ್ಲ, ಎಳೆಯದರಲ್ಲಿ ಪಿಟೀಲಿನ ತಲೆಯಂತೆ ಸುರುಳಿಯೂ ಇಲ್ಲ. ಹೃದಯದಾಕಾರದ ಒಂದೇ ಒಂದು ಎಲೆ, ಬೆಳಕಿಗೆ ಹಿಡಿದರೆ ಬಲೆಯಂಥ ನರಗಳು. ಎಲೆಯ ಬುಡದಿಂದ ಒಂದು ಕಡ್ಡಿ ನೇರ ಎದ್ದು ನಿಲ್ಲುತ್ತದೆ, ಅದರ ತುದಿಯೇ ಕದಿರು. ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡಿದರೆ ಕದಿರಿನ ಎರಡೂ ಅಂಚಿಗೆ ಒಂದೊಂದು ಸಾಲು ಗುಂಡಗಿನ ಚೀಲಗಳು, ಜೋಳದ ಕಾಳು ಜೋಡಿಸಿದ ಹಾಗೆ, ಮಾಂಸಲ ಕಡ್ಡಿಯೊಳಗೆ ಅರ್ಧ ಹುದುಗಿ ಕೂತಿರುತ್ತವೆ. ಬಲಿತಾಗ ಪ್ರತಿ ಚೀಲವೂ ಅಡ್ಡಕ್ಕೆ ಸೀಳಿ ಹಳದಿ ಪುಡಿ ಉದುರುತ್ತದೆ; ಅವೇ ಬೀಜಕಗಳು.

ಇನ್ನು ಸಂಖ್ಯೆ. 1954ರಲ್ಲಿ ತಿರುವನಂತಪುರದ ಎ. ಅಬ್ರಹಾಂ ಮತ್ತು ಸಿ. ಎ. ನೈನಾನ್ ಈ ಗಿಡದ ಬೀಜಕ ತಾಯಿಕೋಶಗಳಲ್ಲಿ ಸುಮಾರು 630 ಜೋಡಿಗಳನ್ನೂ ಜೊತೆಗೆ ಕೆಲವು ಚಿಕ್ಕ ತುಣುಕುಗಳನ್ನೂ ಎಣಿಸಿದರು. ವರದಿ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. 630 ಜೋಡಿ ಅಂದರೆ 1260. 1990ರಲ್ಲಿ ಪ್ರಕಟವಾದ ಇನ್ನೊಂದು ಎಣಿಕೆಯಲ್ಲಿ 720 ಜೋಡಿ, ಅಂದರೆ 1440 ಬಂತು. ಇವೆರಡರಲ್ಲಿ ಒಂದು ಸುಳ್ಳು ಅಂತ ತಿಳಿಯಬೇಡಿ. ಈ ಕುಲದಲ್ಲಿ ಬೇರೆ ಬೇರೆ ಜಾಗದ ಗಿಡಗಳು ಬೇರೆ ಬೇರೆ ಮಟ್ಟದ ಬಹುಗುಣಿತಗಳಾಗಿರುವುದು, ಅಂದರೆ ಕ್ರೋಮೋಸೋಮುಗಳ ಇಡೀ ಸೆಟ್ಟೇ ಹಲವು ಪಟ್ಟು ಇರುವುದು, ಮಾಮೂಲು. ಹದಿನೈದನ್ನು ಮೂಲ ಸೆಟ್ ಅಂತ ಹಿಡಿದರೆ 1260 ಅಂದರೆ 84 ಸೆಟ್, 1440 ಅಂದರೆ 96 ಸೆಟ್. ಈ ಕುಲಕ್ಕೆ 120ನ್ನು ಮೂಲ ಅಂತ ಹಿಡಿಯುವವರೂ ಇದ್ದಾರೆ. ಆಗ 1440 ಸರಿಯಾಗಿ ಹನ್ನೆರಡು ಪಟ್ಟು ಆಗುತ್ತದೆ, 1260 ಹತ್ತೂವರೆಗೆ ಬಂದು ನಿಲ್ಲುತ್ತದೆ. ಫಲಕದಲ್ಲಿ "1260, ಕೆಲವು ಗಿಡಗಳಲ್ಲಿ 1440ರವರೆಗೆ" ಅಂತ ಬರೆದರೆ ಯಾರೂ ತಕರಾರು ಎತ್ತುವಂತಿಲ್ಲ.

ಪಾಠದಕಟ್ಟೆ:
ಜೋಡಿ ಎಣಿಸಿ ಎರಡರಿಂದ ಗುಣಿಸುವುದೇಕೆ? ಬೇರಿನ ತುದಿಯಲ್ಲಿ ನೇರವಾಗಿ ಎಣಿಸಬಹುದಲ್ಲ, ಈರುಳ್ಳಿಯಲ್ಲಿ ಮಾಡುವ ಹಾಗೆ?

ಸ್ಲೈಡುಗಾಜು:
ಈರುಳ್ಳಿಯಲ್ಲಿ 16 ಇವೆ, ಉದ್ದುದ್ದ ಇವೆ, ಬೇರಿನ ತುದಿ ಸಾಕು. ಈ ಜರಿಯ ಬೇರಿನ ಒಂದು ಕೋಶದಲ್ಲಿ 1260 ಬಿಡಿಬಿಡಿಯಾಗಿ ಇರುತ್ತವೆ, ಒಂದರ ಮೇಲೊಂದು ಬೀಳುತ್ತವೆ, ಎಣಿಸಲು ಆಗುವುದೇ ಇಲ್ಲ. ಬೀಜಕ ತಾಯಿಕೋಶದಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯುವ ವಿಭಜನೆ, ಮಿಯಾಸಿಸ್, ನಡೆಯುವಾಗ ಎರಡೆರಡು ಕೂಡಿ ಜೋಡಿಯಾಗುತ್ತವೆ. ಆಗ ಎಣಿಸಬೇಕಾದ್ದು ಅರ್ಧ. ಜೊತೆಗೆ ಆ ಕೋಶ ದೊಡ್ಡದು, ಚೀಲದೊಳಗೆ ಬಿಡಿಯಾಗಿರುತ್ತದೆ, ಒತ್ತಿದರೆ ಚೆನ್ನಾಗಿ ಹರಡುತ್ತದೆ.

ಜರಿಗೆ ಮಾಡುವ ಕ್ರಮ:

ಕದಿರು ಎಲೆಯ ಮಡಿಕೆಯೊಳಗೆ ಇನ್ನೂ ಎಳೆಯದಾಗಿ, ತಿಳಿ ಹಸಿರಾಗಿ ಇರುವಾಗಲೇ ಕೀಳಬೇಕು. ಹತ್ತರಲ್ಲಿ ಒಂಬತ್ತು ಸಲ ಸೋಲುವುದು ಇಲ್ಲೇ. ಎದ್ದು ನಿಂತ ಕದಿರು ಕಣ್ಣಿಗೆ ಸುಲಭವಾಗಿ ಬೀಳುತ್ತದೆ, ಆದರೆ ಅದರೊಳಗೆ ವಿಭಜನೆ ಮುಗಿದು ಬರೀ ಬೀಜಕ ಇರುತ್ತವೆ.

ಈಥೈಲ್ ಆಲ್ಕೋಹಾಲ್ ಮೂರು ಭಾಗ, ಗ್ಲೇಶಿಯಲ್ ಅಸೆಟಿಕ್ ಆಮ್ಲ ಒಂದು ಭಾಗ ಬೆರೆಸಿ ಅದರಲ್ಲಿ ಕದಿರನ್ನು 24 ಗಂಟೆ ಇಡಿ. ಈ ಮಿಶ್ರಣ ಆಗಿಂದಾಗ್ಗೆ ಮಾಡಿಕೊಳ್ಳಬೇಕು. ಬೆರೆಸಿ ಇಟ್ಟರೆ ಎರಡೂ ಸೇರಿ ಎಸ್ಟರ್ ಆಗಿ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ಹಾಕಿ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಿ.

ಸ್ಲೈಡಿನ ಮೇಲೆ ಒಂದು ಶೇಕಡಾ ಅಸಿಟೋಕಾರ್ಮೈನ್ ಒಂದು ಹನಿ. ಒಂದೇ ಒಂದು ಚೀಲವನ್ನು ಸೂಜಿಯಿಂದ ಬಿಡಿಸಿ ಆ ಹನಿಯಲ್ಲಿ ಒಡೆಯಿರಿ. ಸೂಜಿ ಕಬ್ಬಿಣದ್ದಾಗಿರಲಿ, ಆ ಕಬ್ಬಿಣದ ಅಂಶವೇ ಬಣ್ಣ ಗಾಢವಾಗಿಸುತ್ತದೆ. ಚೀಲದ ಗೋಡೆ ದಪ್ಪ, ಅದರ ಚೂರುಗಳನ್ನು ತಾಳ್ಮೆಯಿಂದ ಆಚೆ ಎತ್ತಿ ಹಾಕಬೇಕು. ಒಂದು ಚೂರು ಉಳಿದರೂ ಕವರ್ ಗ್ಲಾಸ್ ಎತ್ತರದಲ್ಲೇ ನಿಲ್ಲುತ್ತದೆ, ಕೋಶ ಚಪ್ಪಟೆಯಾಗುವುದಿಲ್ಲ, 630 ಜೋಡಿಯೂ ಒಂದೇ ಉಂಡೆಯಾಗಿ ಕಾಣುತ್ತವೆ.

ಸ್ಪಿರಿಟ್ ದೀಪದ ಮೇಲೆ ಮೂರು ನಾಲ್ಕು ಸಲ ಆಡಿಸಿ. ಅಂಗೈ ಹಿಂಬದಿಗೆ ತಾಗಿಸಿದರೆ ಬಿಸಿ ತಡೆಯುವಷ್ಟಿರಬೇಕು. ಕುದಿದರೆ ಗುಳ್ಳೆ ಬಂದು ಎಲ್ಲ ಹಾಳು. ನಂತರ ಫಿಲ್ಟರ್ ಕಾಗದ ಮುಚ್ಚಿ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಗಾಜು ಅಡ್ಡಕ್ಕೆ ಸರಿದರೆ ಕೋಶ ಹರಿದು ಒಂದರ ಕ್ರೋಮೋಸೋಮ್ ಇನ್ನೊಂದಕ್ಕೆ ಸೇರುತ್ತದೆ.

ಎಣ್ಣೆ ಹಾಕುವ 100 ಪಟ್ಟಿನ ಲೆನ್ಸ್ ಇಲ್ಲದೆ ಇದನ್ನು ಎಣಿಸಲಾಗದು. ಹಿಂದೆ ಕ್ಯಾಮೆರಾ ಲ್ಯೂಸಿಡಾ (ಮೈಕ್ರೋಸ್ಕೋಪಿನ ಬಿಂಬವನ್ನು ಕಾಗದದ ಮೇಲೆ ಕಾಣಿಸುವ ಸಾಧನ) ಇಟ್ಟು ಒಂದೊಂದನ್ನೂ ಕೈಯಿಂದ ಬರೆದುಕೊಳ್ಳುತ್ತಿದ್ದರು. ಈಗ ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಫೋಟೋ ತೆಗೆದು, ದೊಡ್ಡದಾಗಿ ಮುದ್ರಿಸಿ, ಎಣಿಸಿದ್ದಕ್ಕೆಲ್ಲ ಪೆನ್ನಿನಿಂದ ಚುಕ್ಕಿ ಇಡಬೇಕು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಹೋಲಿಸಬೇಕು. ಒಂದೇ ಕೋಶದ ಎಣಿಕೆಯನ್ನು ಎಂದೂ ನೆಚ್ಚಬಾರದು.

ಜರಿಬನ:
ಒಂದು ಮಾತು ಸೇರಿಸಬೇಕು. ಗೆಡ್ಡೆ ಸಮೇತ ಕೀಳಬೇಡಿ, ಕದಿರನ್ನು ಮಾತ್ರ ಕತ್ತರಿಸಿ. ಮಣ್ಣಿನೊಳಗಿನ ಬೇರಿನ ಮೊಗ್ಗುಗಳಿಂದಲೇ ಈ ಗಿಡ ಹಬ್ಬುವುದು. ಬೇರಿಗೆ ಬೇರುರೋಮ ಇಲ್ಲ, ಶಿಲೀಂಧ್ರದ ನಂಟಿನಿಂದ ಬದುಕುತ್ತದೆ. ಕಿತ್ತು ಕುಂಡಕ್ಕೆ ಹಾಕಿದರೆ ಸಾಮಾನ್ಯವಾಗಿ ಸಾಯುತ್ತದೆ. ಅಭಯಾರಣ್ಯದೊಳಗೆ ಒಂದು ಎಲೆ ಕೀಳಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಗುರುತಿನಲ್ಲೂ ಎಚ್ಚರ. ಇದೇ ಕುಲದ ಕಾಸ್ಟೇಟಮ್ ಕೂಡ ಅದೇ ಹುಲ್ಲಿನಲ್ಲಿ ಸಿಗಬಹುದು. ಅದರ ಗೆಡ್ಡೆ ಗುಂಡಗೆ, ಒಣಗಿದ ಎಲೆಯ ನಡುವೆ ಬಿಳಚು ಪಟ್ಟೆ ಇರುತ್ತದೆ. ತಪ್ಪು ಗಿಡ ಎಣಿಸಿದರೆ ಸಂಖ್ಯೆ ಎಷ್ಟು ಸರಿಯಿದ್ದರೂ ವ್ಯರ್ಥ.

ಕಾಡುದಾರಿ:
ಕಾಡುಕುರಿಯದು ಮಾಡುವುದು ಹೇಗೆ? ಅದರ ರಕ್ತ ಯಾರು ಕೊಡುತ್ತಾರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ಸ್ಲೈಡುಗಾಜು:
ಕಾಡಿನ ಪ್ರಾಣಿಯಿಂದ ಪ್ರಶ್ನೆಯೇ ಇಲ್ಲ. ಸಂಶೋಧನಾಲಯಗಳಲ್ಲಿ ಇದರ ಚರ್ಮದ ಕೋಶಗಳನ್ನು ದಶಕಗಳಿಂದ ಬೆಳೆಸಿಕೊಂಡು ಬಂದಿದ್ದಾರೆ, ಏಕೆಂದರೆ ಇಷ್ಟು ಕಡಿಮೆ, ಇಷ್ಟು ದೊಡ್ಡ ಕ್ರೋಮೋಸೋಮುಗಳು ವಿಭಜನೆಯನ್ನು ನೋಡಲು ಬಹಳ ಅನುಕೂಲ. ಕಾಲೇಜಿಗೆ ಅಂಥ ಕಡೆಯಿಂದ ತಯಾರಾದ ಸ್ಲೈಡ್ ಅಥವಾ ಫೋಟೋ ಕೇಳುವುದೇ ದಾರಿ.

ಕ್ರಮ ತಿಳಿದಿರಲಿ ಅಂತ ಬರೆಯುತ್ತೇನೆ. ಬೆಳೆಯುತ್ತಿರುವ ಕೋಶಗಳಿಗೆ ಮಿಲಿಲೀಟರಿಗೆ 0.1 ಮೈಕ್ರೋಗ್ರಾಂನಂತೆ ಕಾಲ್ಸೆಮಿಡ್ ಹಾಕಿ ಅರ್ಧದಿಂದ ಒಂದು ಗಂಟೆ ಬಿಡುತ್ತಾರೆ. ವಿಭಜನೆ ನಡುವೆಯೇ ನಿಲ್ಲುತ್ತದೆ. ಹೆಚ್ಚು ಹೊತ್ತಾದರೆ ಕ್ರೋಮೋಸೋಮ್ ಮುದುಡಿ ಗಿಡ್ಡವಾಗುತ್ತವೆ. ನಂತರ 0.075 ಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡಿನಲ್ಲಿ 37 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಕೋಶ ನೀರು ಹೀರಿ ಉಬ್ಬುತ್ತದೆ, ಒಳಗಿನವು ದೂರ ದೂರ ಸರಿಯುತ್ತವೆ. ಇಂಥ ತೆಳು ದ್ರಾವಣದ ಉಪಯೋಗವನ್ನು 1952ರಲ್ಲಿ ಟಿ. ಸಿ. ಹ್ಸು ತೋರಿಸಿಕೊಟ್ಟರು, ಆದರೂ 1956ರವರೆಗೆ ಮನುಷ್ಯನ 46ನ್ನೇ 48 ಅಂತ ಎಣಿಸುತ್ತಿದ್ದರು. ಆಮೇಲೆ ಮೆಥನಾಲ್ ಮೂರು, ಅಸೆಟಿಕ್ ಆಮ್ಲ ಒಂದು ಭಾಗದ ಮಿಶ್ರಣದಲ್ಲಿ ಮೂರು ಸಲ ತೊಳೆದು, ತಣ್ಣನೆಯ ಒದ್ದೆ ಸ್ಲೈಡಿನ ಮೇಲೆ ಹನಿಸಿ, ಒಣಗಿಸಿ, ಜೀಮ್ಸಾ ಬಣ್ಣ ಹಾಕುತ್ತಾರೆ.

ತಪ್ಪಾಗುವುದು ಉಬ್ಬಿಸುವ ಹಂತದಲ್ಲಿ. ಹೊತ್ತು ಸಾಲದಿದ್ದರೆ ಎಲ್ಲ ಒಂದೇ ಗುಪ್ಪೆ, ಜಾಸ್ತಿಯಾದರೆ ಕೋಶ ಒಡೆದು ಒಂದೆರಡು ಕಳೆದುಹೋಗುತ್ತವೆ. ಅದಕ್ಕೇ ಕನಿಷ್ಠ 20 ಕೋಶ ಎಣಿಸಬೇಕು. ಜರಿಗೆ ಹೋಲಿಸಿದರೆ ಇಲ್ಲಿನ ಸುಖ ಏನೆಂದರೆ, ಒಂದು ಕಳೆದರೂ ನೋಡಿದ ತಕ್ಷಣ ಗೊತ್ತಾಗುತ್ತದೆ. 630ರಲ್ಲಿ ನಾಲ್ಕು ಹೋದರೆ ಯಾರಿಗೂ ತಿಳಿಯದು.

ಹೊಸಓದುಗ:
ಒಂದು ಮೂಲಭೂತ ಪ್ರಶ್ನೆ. ಜರಿಯಲ್ಲಿ ಇನ್ನೂರು ಪಟ್ಟು ಕ್ರೋಮೋಸೋಮ್ ಅಂದರೆ ಜೀನ್‌ಗಳೂ ಇನ್ನೂರು ಪಟ್ಟು ಅಂತಲೇ? ಕಾಡುಕುರಿ ಅಷ್ಟು ಕಳೆದುಕೊಂಡಿದೆಯೇ?

ಸ್ಲೈಡುಗಾಜು:
ಇಲ್ಲ, ಫಲಕದ ತಿರುಳು ಇದೇ ಆಗಬೇಕು. ಕ್ರೋಮೋಸೋಮ್ ಅಂದರೆ ಕಟ್ಟು. ಎಷ್ಟು ಕಟ್ಟು ಅನ್ನುವುದು ಬೇರೆ, ಒಳಗೆ ಎಷ್ಟು ಸರಕು ಅನ್ನುವುದು ಬೇರೆ. ಕಾಡುಕುರಿಯ ಒಂದು ಸೆಟ್ ಡಿಎನ್‌ಎ ಸುಮಾರು 257 ಕೋಟಿ ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿ). ದಕ್ಷಿಣ ಚೀನಾ ಮತ್ತು ತೈವಾನಿನಲ್ಲಿರುವ ಅದರ ದಾಯಾದಿ ರೀವ್ಸ್ ಮುಂಟ್‌ಜಾಕ್‌ನದ್ದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಅದಕ್ಕೆ 46 ಕ್ರೋಮೋಸೋಮ್. ಡೋರಿಸ್ ವರ್ಸ್ಟರ್ ಮತ್ತು ಕರ್ಟ್ ಬೆನಿರ್ಶ್ಕೆ 1970ರಲ್ಲಿ ಭಾರತದ ಕಾಡುಕುರಿಯ ಸಂಖ್ಯೆ ಪ್ರಕಟಿಸಿದಾಗ ಎಲ್ಲರನ್ನೂ ಅಚ್ಚರಿಗೊಳಿಸಿದ್ದು ಇದೇ: ನೋಡಲು ಒಂದೇ ತರಹದ ಎರಡು ಪ್ರಾಣಿ, ಒಂದಕ್ಕೆ 46, ಇನ್ನೊಂದಕ್ಕೆ 6.

ಜಿಂಕೆಗಳ ಪೂರ್ವಜನಲ್ಲಿ 70 ಇದ್ದವು, ಅಂದರೆ 35 ಜೋಡಿ. ಕಾಡುಕುರಿಯ ವಂಶದಲ್ಲಿ ಒಂದರ ತುದಿ ಇನ್ನೊಂದರ ಸೆಂಟ್ರೋಮಿಯರಿಗೆ (ವಿಭಜನೆಯಲ್ಲಿ ಕ್ರೋಮೋಸೋಮನ್ನು ಎಳೆಯುವ ಎಳೆಗಳು ಹಿಡಿಯುವ ಜಾಗ) ಅಂಟುತ್ತಾ, ರೈಲುಡಬ್ಬಿಗಳಂತೆ ಸಾಲಾಗಿ ಕೂಡಿಕೊಂಡವು. 35 ಮೂರಕ್ಕೆ ಇಳಿಯಲು 32 ಬೆಸುಗೆ ಬೇಕು. ಬೆಸುಗೆಯ ಗುರುತು ಈಗಲೂ ಇದೆ: ತುದಿಯಲ್ಲಿ ಮಾತ್ರ ಇರಬೇಕಾದ ಟೆಲೋಮಿಯರ್ ಅಕ್ಷರಗಳು, ಸೆಂಟ್ರೋಮಿಯರಿನ ಪುನರಾವರ್ತಿತ ಡಿಎನ್‌ಎ, ಎರಡೂ ಉದ್ದನೆಯ ಕ್ರೋಮೋಸೋಮಿನ ನಡುನಡುವೆ ಸಿಗುತ್ತವೆ. ಮನುಷ್ಯನ ಎರಡನೇ ಕ್ರೋಮೋಸೋಮ್ ಕೂಡ ಹೀಗೆ ಎರಡು ಕೂಡಿ ಆದದ್ದು. ಚಿಂಪಾಂಜಿ, ಗೊರಿಲ್ಲಾಗಳಿಗೆ 48, ನಮಗೆ 46.

ಈ ಎರಡು ಮುಂಟ್‌ಜಾಕ್‌ಗಳ ಮಿಶ್ರತಳಿಯನ್ನು ಚೀನಾದ ಕುನ್‌ಮಿಂಗಿನಲ್ಲಿ ಶಿ ಲಿಮಿಂಗ್ ತಂಡ ಅಧ್ಯಯನ ಮಾಡಿ 1980ರಲ್ಲಿ ವರದಿ ಮಾಡಿತು. ತಾಯಿ ಕಾಡುಕುರಿಯಿಂದ 3, ತಂದೆ ರೀವ್ಸ್‌ನಿಂದ 23 ಬಂದರೆ ಮರಿಗೆ 26. ಮರಿ ಬದುಕುತ್ತದೆ, ಸರಕು ಒಂದೇ ಆದ್ದರಿಂದ. ಆದರೆ ಮಿಯಾಸಿಸ್‌ನಲ್ಲಿ ಮೂರು ಉದ್ದದವಕ್ಕೆ 23 ಗಿಡ್ಡ ತುಂಡುಗಳು ಸರಿಯಾಗಿ ಜೋಡಿಯಾಗಲಾರವು, ಹಾಗಾಗಿ ವೀರ್ಯಾಣು ಕಟ್ಟುವುದಿಲ್ಲ.

ಜರಿಬನ:
ಜರಿಯ ದಾರಿ ಇದಕ್ಕೆ ತೀರ ಬೇರೆ. ಅಲ್ಲಿ ಕೂಡಿಕೊಳ್ಳುವ ಬದಲು ಇಡೀ ಸೆಟ್ಟೇ ಇಮ್ಮಡಿಯಾಗುತ್ತಾ ಬಂದಿದೆ. ಇಮ್ಮಡಿಯಾದ ಮೇಲೆ ಹೆಚ್ಚುವರಿ ಪ್ರತಿಗಳು ಒಂದೊಂದಾಗಿ ಮೌನವಾಗುತ್ತವೆ, ಕೆಲಸಕ್ಕೆ ಉಳಿಯುವುದು ಕೆಲವೇ. ಆದರೆ ಕಟ್ಟುಗಳು ಕಳೆಯುವುದಿಲ್ಲ. ಹೂಬಿಡುವ ಗಿಡಗಳಲ್ಲಿ ಇಮ್ಮಡಿಯಾದ ನಂತರ ಕ್ರೋಮೋಸೋಮ್ ಸಂಖ್ಯೆ ಮತ್ತೆ ಇಳಿಯುವುದು ಸಾಮಾನ್ಯ, ಜರಿಗಳಲ್ಲಿ ಅದು ಬಹಳ ಅಪರೂಪ. ಒಂದೇ ಬಗೆಯ ಬೀಜಕ ಬಿಡುವ ಜರಿಗಳಲ್ಲಿ ಸರಾಸರಿ 57 ಜೋಡಿ, ಎರಡು ಬಗೆಯ ಬೀಜಕ ಬಿಡುವವುಗಳಲ್ಲಿ ಸುಮಾರು 14 ಅಂತ 1966ರಲ್ಲೇ ಕ್ಲೆಕೋವ್ಸ್ಕಿ ಮತ್ತು ಬೇಕರ್ ತೋರಿಸಿದ್ದರು. ಬೀಜಕದಿಂದ ಹುಟ್ಟುವ ಒಂದೇ ಸಸಿ ತನ್ನಲ್ಲೇ ಗಂಡೂ ಹೆಣ್ಣೂ ಆಗಿ ತನ್ನೊಳಗೇ ಫಲಗಟ್ಟಬಲ್ಲದು, ಆಗ ವೈವಿಧ್ಯ ಪೂರ್ತಿ ಇಲ್ಲವಾಗುತ್ತದೆ. ಅದನ್ನು ಸರಿದೂಗಿಸಲು ಹೆಚ್ಚು ಪ್ರತಿ ಇಟ್ಟುಕೊಂಡಿವೆ ಎಂಬುದು ಅವರ ವಾದ. 1980ರ ದಶಕದ ಕಿಣ್ವ ಪರೀಕ್ಷೆಗಳಲ್ಲಿ ಈ ಜರಿಗಳು ಎರಡೇ ಪ್ರತಿ ಇರುವ ಗಿಡಗಳಂತೆ ನಡೆದುಕೊಂಡವು, ಹಾಗಾಗಿ ಆ ವಾದ ಈಗ ಬಲವಾಗಿ ನಿಲ್ಲುವುದಿಲ್ಲ. ಫಲಕದಲ್ಲಿ ಅದನ್ನು ಕಾರಣ ಅಂತ ಬರೆಯಬೇಡಿ.

ಸರಕಿನ ದಾಖಲೆಯೂ ಈಗ ಒಂದು ಜರಿಯದ್ದೇ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಟ್ಮೆಸಿಪ್ಟೆರಿಸ್ ಆಬ್ಲಾನ್ಸಿಯೋಲೇಟಾಗೆ ಒಂದು ಸೆಟ್ಟಿಗೆ 16,000 ಕೋಟಿ ಅಕ್ಷರ ಅಂತ 2024ರಲ್ಲಿ ಪ್ರಕಟವಾಯಿತು. ನಮ್ಮದು 310 ಕೋಟಿ. ಅತಿ ಹೆಚ್ಚು ಕಟ್ಟು ಹಾವುನಾಲಗೆಯದು, ಅತಿ ಹೆಚ್ಚು ಸರಕು ಇದರದು.

ಹೊಸಓದುಗ:
ಮೂರೇ ಜೋಡಿ ಇದ್ದರೆ ಕಾಡುಕುರಿಯ ಮರಿಗಳಲ್ಲಿ ವೈವಿಧ್ಯ ಕಡಿಮೆಯಾಗುವುದಿಲ್ಲವೇ?

ಸ್ಲೈಡುಗಾಜು:
ಜೋಡಿಗಳು ಸ್ವತಂತ್ರವಾಗಿ ಹಂಚಿಹೋಗುವ ಲೆಕ್ಕ ಮಾತ್ರ ಹಿಡಿದರೆ ಕಾಡುಕುರಿಗೆ 8 ಬಗೆಯ ಅಂಡ ಅಥವಾ ವೀರ್ಯಾಣು. ಮನುಷ್ಯನಿಗೆ 83,88,608. ಹಾವುನಾಲಗೆಗೆ ಬರುವ ಸಂಖ್ಯೆಯನ್ನು ಬರೆದರೆ 190 ಅಂಕಿ. ಆದರೆ ಪ್ರತಿ ಜೋಡಿಯ ಒಳಗೂ ತುಂಡು ಅದಲುಬದಲಾಗುತ್ತದೆ. ಉದ್ದನೆಯ ಕ್ರೋಮೋಸೋಮಿನಲ್ಲಿ ಅಂಥ ಜಾಗಗಳು ಹಲವು, ಆದ್ದರಿಂದ ಎಂಟಕ್ಕೇ ನಿಲ್ಲುವುದಿಲ್ಲ.

ಪಾಠದಕಟ್ಟೆ:
ತುಂಬಾ ಉಪಕಾರವಾಯಿತು. ಮಕ್ಕಳ ಕೈಗೆ ಕೊಡುವಂಥದ್ದು ಏನಾದರೂ ಹೊಳೆದರೆ ಹೇಳಿ. ಎಣ್ಣೆಯ ಲೆನ್ಸ್ ಇಲ್ಲ.

ಸ್ಲೈಡುಗಾಜು:
ಉಣ್ಣೆ ದಾರ ತನ್ನಿ. ಹತ್ತು ಕೋಟಿ ಅಕ್ಷರಕ್ಕೆ ಒಂದು ಮೀಟರ್ ಅಳತೆ ಇಟ್ಟುಕೊಳ್ಳಿ. ಕಾಡುಕುರಿಗೆ 26 ಮೀಟರ್ ಕೆಂಪು ದಾರ, ರೀವ್ಸ್‌ಗೆ 26 ಮೀಟರ್ ಹಳದಿ ದಾರ. ಕೆಂಪನ್ನು 3 ತುಂಡು ಮಾಡಿ, ಹಳದಿಯನ್ನು 23. ಎರಡನ್ನೂ ತಕ್ಕಡಿಯಲ್ಲಿಟ್ಟು ಮಕ್ಕಳೇ ತೂಗಲಿ. ಒಂದೇ ತೂಕ ಬರುತ್ತದೆ. ಮನುಷ್ಯನಿಗೆ 31 ಮೀಟರ್, 23 ತುಂಡು. ಟ್ಮೆಸಿಪ್ಟೆರಿಸ್‌ಗೆ 1600 ಮೀಟರ್ ಬೇಕು, ಅದಕ್ಕೆ ಕಾಲೇಜಿನ ಗೇಟಿನಿಂದ ಒಂದೂವರೆ ಕಿಲೋಮೀಟರ್ ದಾಟಿ ಸಿಗುವ ಒಂದು ಗುರುತು ಹೇಳಿದರೆ ಸಾಕು.

ಮೈಕ್ರೋಸ್ಕೋಪಿಗೆ ಈರುಳ್ಳಿಯೇ ಇರಲಿ. ಬೇರು ಎರಡು ಸೆಂಟಿಮೀಟರ್ ಬಂದಾಗ ತುದಿ ಕತ್ತರಿಸಿ, ಮೂರಕ್ಕೊಂದರ ಮಿಶ್ರಣದಲ್ಲಿ ಒಂದು ದಿನ ಇಟ್ಟು, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಐದಾರು ನಿಮಿಷ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಹಾಕಿ ಒತ್ತಿ. 40 ಪಟ್ಟಿನ ಲೆನ್ಸಿನಲ್ಲೇ 16 ಕಾಣುತ್ತವೆ.

ಜರಿಬನ:
ಹಾವುನಾಲಗೆಗೆ ದಾರದ ಉದ್ದ ಹಾಕಬೇಡಿ, ತುಂಡಿನ ಸಂಖ್ಯೆ ಮಾತ್ರ ಸಾಕು. ಒಂದು ಗಾಜಿನ ಭರಣಿಯಲ್ಲಿ 630 ಹಸಿರು ತುಂಡು ಎಣಿಸಿ ಹಾಕಿ, ಪಕ್ಕದ ಭರಣಿಯಲ್ಲಿ ಕೆಂಪಿನ 3. ಎರಡರಲ್ಲೂ ಜೋಡಿಗೆ ಒಂದರಂತೆ ಅರ್ಧ ಲೆಕ್ಕ ಅಂತ ಚೀಟಿ ಅಂಟಿಸಿ. ಒಂದರಲ್ಲಿ 1260 ಹಾಕಿ ಇನ್ನೊಂದರಲ್ಲಿ 3 ಹಾಕಿದರೆ ಹೋಲಿಕೆಯೇ ತಪ್ಪುತ್ತದೆ.

ಕಾಡುದಾರಿ:
ಫಲಕದಲ್ಲಿ "ಭಾರತದ ಕಾಡುಕುರಿ" ಅಂತಲೇ ಬರೆಯಿರಿ. ಮಲೇಷ್ಯಾ, ಜಾವಾ ಕಡೆಯ ಕೆಂಪು ಮುಂಟ್‌ಜಾಕ್‌ಗೆ ಹೆಣ್ಣಿನಲ್ಲಿ 8, ಗಂಡಿನಲ್ಲಿ 9 ಇವೆ. ಹಳೆಯ ಪುಸ್ತಕಗಳಲ್ಲಿ ಎರಡಕ್ಕೂ ಒಂದೇ ಹೆಸರಿದೆ.